ಹಕ್ಕಿ ನೋಡುವವರಿಗೆ ಕ್ಯಾರವಾನ್: ಮೂರು ವರ್ಷ ಎಳೆದಾಡಿದ ಮೇಲೆ

ಮೊದಲು ದೂರು ಹೇಳಿಬಿಡುತ್ತೇನೆ. ನಮ್ಮ ಕ್ಯಾರವಾನಿನ, ಅಂದರೆ ಮಲಗಿ ಉಣ್ಣಲು ಅನುಕೂಲವಿರುವ ಗಾಲಿಮನೆಯ, ಕಿಟಕಿ ಗಾಜಿನದ್ದಲ್ಲ, ಎರಡು ಪದರದ ಅಕ್ರಿಲಿಕ್. ಬರಿಗಣ್ಣಿಗೆ ಏನೂ ತೊಂದರೆ ಇಲ್ಲ. ಬೈನಾಕ್ಯುಲರ್ ಹಿಡಿದರೆ ಹಕ್ಕಿಯ ಅಂಚೆಲ್ಲ ಕಲಸಿಹೋಗುತ್ತದೆ. ಮೊದಲ ತಿಂಗಳು ನಾನು ಬೈನಾಕ್ಯುಲರೇ ಕೆಟ್ಟಿದೆ ಅಂದುಕೊಂಡು ಲೆನ್ಸ್ ಒರೆಸಿದ್ದೇ ಒರೆಸಿದ್ದು. ಕಿಟಕಿ ತೆರೆದರಾಯಿತು ಅಂತೀರಾ? ಅದು ಹೊರಕ್ಕೆ ಬಾಗಿಲಿನಂತೆ ಮೇಲೇಳುತ್ತದೆ, ಹತ್ತಿರ ಕೂತ ಹಕ್ಕಿ ಪುರ್ರನೆ ಹಾರುತ್ತದೆ. ಈಗ ಬೆಳಕು ಹರಿಯುವ ಮುಂಚೆಯೇ ಒಂದು ಕಿಟಕಿ ಎತ್ತಿಟ್ಟು, ಪರದೆ ಅರ್ಧ ಎಳೆದು, ಸುಮ್ನೆ ಕೂರುತ್ತೇವೆ. ಚಳಿ ಇದ್ದರೆ ಒಳಗಿನ ಬಿಸಿ ಗಾಳಿ ಹೊರಗೆ ಹೋಗುವಾಗಲೂ ನೋಟ ನಡುಗುತ್ತದೆ. ಹಾಗಾಗಿ ಹೀಟರ್ ಬಂದ್, ಕಂಬಳಿಯೇ ಗತಿ.

ಇನ್ನೊಂದು ಅಲುಗಾಟ. ನಮ್ಮದು ಕಾರಿನ ಹಿಂದೆ ಎಳೆಯುವ, ಎರಡೇ ಚಕ್ರದ ಗಾಡಿ. ನಮ್ಮವರು ಮಗ್ಗುಲು ಬದಲಿಸಿದರೆ ನನ್ನ ಕಣ್ಣಲ್ಲಿ ಹಕ್ಕಿ ಕುಣಿಯುತ್ತದೆ. ನಾಲ್ಕು ಮೂಲೆಯ ಊರುಗಾಲು ಇಳಿಸಿದ ಮೇಲೆ ಎಷ್ಟೋ ವಾಸಿ. ಆದರೆ ಆ ಕಾಲು ಗಾಡಿಯನ್ನು ಎತ್ತಲು ಅಲ್ಲ, ಅಲುಗದಂತೆ ಹಿಡಿಯಲು ಮಾತ್ರ. ಮೊದಲು ತಗ್ಗಿನ ಕಡೆಯ ಚಕ್ರದ ಕೆಳಗೆ ಇಳಿಜಾರು ಹಲಗೆ ಕೊಡಬೇಕು, ಆಮೇಲೆ ಮುಂದಿನ ಕೊಕ್ಕೆಯ ಬಳಿಯ ಪುಟ್ಟ ಆಸರೆ ಚಕ್ರದ ಹಿಡಿ ತಿರುಗಿಸಿ, ಮುಂಭಾಗ ಏರಿಸಿ ಇಳಿಸಿ ಹಿಂದೆ ಮುಂದೆ ಸಮ ಮಾಡಬೇಕು, ಕಾಲು ಇಳಿಸುವುದು ಕೊನೆಗೆ. ಇದು ತಿಳಿಯುವಷ್ಟರಲ್ಲಿ ನಾವು ಒಂದು ಕಾಲು ಬಗ್ಗಿಸಿಯಾಗಿತ್ತು.

ಸಮ ಮಾಡಲು ಇನ್ನೂ ಒಂದು ಕಾರಣ ಫ್ರಿಜ್. ನಮ್ಮದು ಗ್ಯಾಸಿನಲ್ಲೂ ನಡೆಯುವ ಬಗೆಯದು, ಗಾಡಿ ಓರೆ ನಿಂತರೆ ಸರಿಯಾಗಿ ತಣ್ಣಗಾಗುವುದಿಲ್ಲ. ಆದರೂ ಇದನ್ನು ಬಿಟ್ಟುಕೊಡಲಾರೆ. ಕಂಪ್ರೆಸರ್ ಇಲ್ಲ, ಗುಂಯ್ ಅನ್ನುವ ಸದ್ದಿಲ್ಲ. ರಾತ್ರಿ ಗೂಬೆ ಕೂಗಿದರೆ ಹಾಸಿಗೆಯಲ್ಲೇ ಕೇಳುತ್ತದೆ. ಹಕ್ಕಿಯ ಹುಚ್ಚಿಲ್ಲದವರು ಇದನ್ನು ದೊಡ್ಡ ಲಾಭ ಅನ್ನಲಿಕ್ಕಿಲ್ಲ, ನನಗಂತೂ ಅರ್ಧ ಬೆಲೆ ಅಲ್ಲೇ ಬಂತು. ಬೆಳಗಿನ ಗಲಾಟೆಯಲ್ಲಿ ಯಾವುದರ ದನಿ ಯಾವುದು ಅಂತ ತಿಳಿಯದಿದ್ದರೆ ಮರ್ಲಿನ್ ಆ್ಯಪ್ ಕೇಳಿಸಿಕೊಂಡು ಹೆಸರು ಹೇಳುತ್ತದೆ. ಆ ಪ್ರದೇಶದ ಪ್ಯಾಕ್ ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಬೇಕಿಲ್ಲ. ಕೆಲವು ಸಲ ತಪ್ಪು ಹೇಳುತ್ತದೆ, ಕಣ್ಣಾರೆ ಕಾಣದೆ ನಾನು ಪಟ್ಟಿಗೆ ಸೇರಿಸುವುದಿಲ್ಲ.

ರಸ್ತೆಯಲ್ಲಿ ಒಮ್ಮೆ ಜೀವ ಬಾಯಿಗೆ ಬಂದಿತ್ತು. ನಮ್ಮವರು ಸ್ಟ್ಯಾಂಡು, ಸ್ಕೋಪು, ನೀರಿನ ಕ್ಯಾನು ಎಲ್ಲವನ್ನೂ ಹಿಂದಿನ ತುದಿಗೆ ತುಂಬಿದ್ದರು. ಇಳಿಜಾರಿನಲ್ಲಿ ವೇಗ ಏರಿದಂತೆ ಗಾಡಿ ಹಾವಿನ ಹಾಗೆ ಬಳುಕಿತು. ಬ್ರೇಕ್ ಒತ್ತದೆ, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದರು, ಬದುಕಿದೆವು. ಈಗ ಭಾರವೆಲ್ಲ ಕೆಳಗೆ, ಚಕ್ರದ ನೇರಕ್ಕೆ. ಕಟ್ಟುವ ಕೆಲಸ ನನ್ನದು.

ಬೈನಾಕ್ಯುಲರಿನ ವಿಷಯ ಚಿಕ್ಕದು. ಅವರದು 10x42, ನನ್ನದು 8x42. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, 42 ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. 42 ಅನ್ನು 8ರಿಂದ ಭಾಗಿಸಿದರೆ 5.25, 10ರಿಂದ ಭಾಗಿಸಿದರೆ 4.2. ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಅಷ್ಟು ಮಿಲಿಮೀಟರ್. ಮುಂಜಾವಿನ ಮಬ್ಬಿನಲ್ಲಿ ವ್ಯತ್ಯಾಸ ಕಾಣುತ್ತದೆ, ಕೈ ನಡುಗಿದ್ದೂ ಎಂಟರಲ್ಲಿ ಕಡಿಮೆ ಗೊತ್ತಾಗುತ್ತದೆ. ಅವರು ಈಚೆಗೆ ನನ್ನದನ್ನೇ ಕೇಳದೆ ಎತ್ತಿಕೊಳ್ಳುತ್ತಾರೆ.

ಹಾಗಾದರೆ ಕ್ಯಾರವಾನ್ ಬೇಕಾ? ಹಕ್ಕಿಯ ಸುದ್ದಿ ಕೇಳಿ ಅತ್ತಿಂದಿತ್ತ ಓಡುವವರಿಗೆ ಬೇಡ. ಎಳೆದು, ತಿರುಗಿಸಿ, ನಿಲ್ಲಿಸುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ನಾವೂ ಮೊದಲ ವರ್ಷ ದಿನಕ್ಕೊಂದು ಜಾಗ ಅಂತ ಓಡಿ, ಸುಸ್ತಾಗಿ, ಜಗಳವಾಡಿ ಬಂದೆವು. ಈಗ ಒಂದೊಂದು ಕಡೆ ನಾಲ್ಕೈದು ದಿನ. ನಡೆದು ಬರುವ ಮನುಷ್ಯನಿಗೆ ಹೆದರುವ ಹಕ್ಕಿ ನಿಂತ ಗಾಡಿಗೆ ಅಷ್ಟು ಹೆದರುವುದಿಲ್ಲ, ಎರಡನೇ ದಿನಕ್ಕೆ ಲೆಕ್ಕಕ್ಕೇ ಇಡುವುದಿಲ್ಲ. ಹೋದ ಸಲ ಕೆರೆದಂಡೆಯಲ್ಲಿ ಮೂರನೇ ಬೆಳಗ್ಗೆ ಮಿಂಚುಳ್ಳಿ ಬಂದು ನಮ್ಮ ಎಳೆಯುವ ಕೊಕ್ಕೆಯ ಮೇಲೆಯೇ ಕೂತು, ಮೀನನ್ನು ಅದಕ್ಕೇ ಬಡಿದು ನುಂಗಿತು. ಅಷ್ಟು ಹತ್ತಿರಕ್ಕೆ ನನ್ನ ಬೈನಾಕ್ಯುಲರ್ ಫೋಕಸ್ಸೇ ಆಗಲಿಲ್ಲ.

ಮುಂದಿನ ಕಿಟಕಿಯ ಮೂಲೆಯಲ್ಲಿ ತೇವ ಕಾಣಿಸಿದೆ. ಮಾರಿದವರು ಉಸಿರಿನ ತೇವ ಅಂದರು, ಸೀಲ್ ಬಿಚ್ಚಿಸಿ ನೋಡಿದರೆ ಮಳೆ ನೀರು. ಹಳೆಯದು ಕೊಳ್ಳುವವರು ಮೂಲೆ ಮೂಲೆ ಒತ್ತಿ ನೋಡಿ, ಮೆತ್ತಗಿದ್ದರೆ ವಾಪಸ್ಸು ಬನ್ನಿ.