ಮಂಗಳದ ಚಳಿಗಾಲ: ಇಳಿಜಾರೋ, ನಿದ್ದೆಯೋ?

ಸೌರಫಲಕವನ್ನೇ ನೆಚ್ಚಿಕೊಂಡ ರೋವರ್ ಮಂಗಳದ ಚಳಿಗಾಲ ದಾಟಲು ದಾರಿ ಎರಡು: ಇಳಿಜಾರಿನಲ್ಲಿ ಸೂರ್ಯನತ್ತ ವಾಲಿ ನಿಲ್ಲುವುದು, ಇಲ್ಲವೇ ಕೆಲಸ ನಿಲ್ಲಿಸಿ ಮಲಗಿಬಿಡುವುದು.

ನನ್ನ ಮತ ಇಳಿಜಾರಿಗೆ. ನಾಸಾದ ಆಪರ್ಚುನಿಟಿ 2012ರ ಚಳಿಗಾಲವನ್ನು ಎಂಡೆವರ್ ಕುಳಿಯಂಚಿನ ಗ್ರೀಲಿ ಹೇವನ್‌ನಲ್ಲಿ, ಉತ್ತರಕ್ಕೆ ಸುಮಾರು 15 ಡಿಗ್ರಿ ವಾಲಿಕೊಂಡು ಕಳೆಯಿತು. ಧೂಳು ಕವಿದ ಫಲಕಕ್ಕೂ ಹೀಗೆ ಒಂದಿಷ್ಟು ಹೆಚ್ಚು ಬಿಸಿಲು ದಕ್ಕುತ್ತದೆ; ನಿಂತಲ್ಲೇ ಅಧ್ಯಯನವೂ ಸಾಗುತ್ತದೆ. ಆದರೆ ಚಕ್ರ ಓಡಬೇಕು. 2009ರಲ್ಲಿ ಮರಳಿನಲ್ಲಿ ಹೂತ ನಾಸಾದ ಇನ್ನೊಂದು ರೋವರ್ ಸ್ಪಿರಿಟ್‌ಗೆ ಬೇಕಾದಷ್ಟು ವಾಲಲಾಗಲಿಲ್ಲ. 2010ರ ಮಾರ್ಚ್ ನಂತರ ಅದರ ಸುದ್ದಿಯೇ ಇಲ್ಲ.

ನಿದ್ದೆಗೆ ಸಮತಟ್ಟು ನೆಲವೂ ಸಾಕು. ಏಳಲು ವಿದ್ಯುತ್ ಬೇಕಲ್ಲ! 2022ರ ಮೇ ತಿಂಗಳಲ್ಲಿ ಮಲಗಿದ ಚೀನಾದ ಝುರಾಂಗ್ ಡಿಸೆಂಬರಿನಲ್ಲಿ ಏಳಬೇಕಿತ್ತು, ಏಳಲಿಲ್ಲ. ಫಲಕಕ್ಕೆ ಮೆತ್ತಿದ ಧೂಳೇ ಕಾರಣವಿರಬೇಕು. ಧೂಳು ಕೊಡವುವ ಏರ್ಪಾಡಿದ್ದರೆ ಮಾತ್ರ ನಿದ್ದೆಯನ್ನು ನಂಬಿ.