ಗೇಟ್ ಮುಚ್ಚುತ್ತಿಲ್ಲ ಅಂದರೆ ಸುಮ್ನೆ ಮುಚ್ಚಿಸಿಕೊಳ್ಳಬೇಡಿ

ಮನೆಗೆ ಮೋಟರ್ ಗೇಟ್ ಹಾಕಿಸಿಕೊಂಡವರು, ಅದರಲ್ಲೂ ಕಾರವಾರ, ಅಂಕೋಲಾ, ಕುಮಟಾ ಕಡೆ ಸಮುದ್ರದ ಗಾಳಿ ಬಡಿಯುವ ಜಾಗದಲ್ಲಿ ಇರುವವರು ದಯವಿಟ್ಟು ಇದನ್ನು ಓದಿ. ಕಳೆದ ಜುಲೈಯಲ್ಲಿ ನಮ್ಮ ಆಯಿ, ಅಂದರೆ ಅಮ್ಮ, ನಮ್ಮದೇ ಗೇಟಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಂಡಳು. ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಗೇಟಿನ ಸರ್ವಿಸ್ ಆಗಿತ್ತು. ಆ ಸರ್ವಿಸ್ಸಿನಿಂದಲೇ ಹೀಗಾಯಿತು ಅನ್ನುವುದು ಆಮೇಲೆ ಗೊತ್ತಾಯಿತು.

ನಮ್ಮ ಮನೆ ಇರುವುದು ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗ ಹತ್ತಿರವೇ ಇದೆ. ಗಾಳಿ ಎದ್ದ ದಿನ ಕಿಟಕಿಯ ಗಾಜಿನ ಮೇಲೆ ಬೆರಳು ಎಳೆದರೆ ಉಪ್ಪು ಹತ್ತುತ್ತದೆ. ಗೇಟ್ ಹದಿನಾಲ್ಕು ಅಡಿಯದು, ಪಕ್ಕಕ್ಕೆ ಸರಿಯುವಂಥದ್ದು, ಪೂರ್ತಿ ಕಬ್ಬಿಣ. ಕೆಳಗೆ ಎರಡು ಗಾಲಿ, ನೆಲದಲ್ಲಿ ಹಳಿ, ಗೇಟಿನ ಬುಡಕ್ಕೆ ಹಲ್ಲಿನ ಪಟ್ಟಿ. ಮೋಟರಿನ ಹಲ್ಲುಚಕ್ರ ಆ ಪಟ್ಟಿಯನ್ನು ಎಳೆಯುತ್ತದೆ. ಅಪ್ಪನಿಗೆ ಮಂಡಿನೋವು ಬಂದ ಮೇಲೆ, ಪ್ರತಿ ಸಲ ಕಾರಿನಿಂದ ಇಳಿದು ಗೇಟ್ ತಳ್ಳುವುದು ಬೇಡ ಅಂತ ಹಾಕಿಸಿದ್ದೆವು.

ಮೇ ತಿಂಗಳಲ್ಲಿ ತೊಂದರೆ ಶುರುವಾಯಿತು. ರಿಮೋಟ್ ಒತ್ತಿದರೆ ಗೇಟ್ ತೆರೆಯುತ್ತಿತ್ತು, ಆದರೆ ಮುಚ್ಚುತ್ತಿರಲಿಲ್ಲ. ಕೆಲವು ಸಲ ಅರ್ಧ ಬಂದು ನಿಂತು ವಾಪಸ್ ಹೋಗುತ್ತಿತ್ತು. ಕರಕರ ಸದ್ದು ಬೇರೆ. ಮಳೆಗಾಲ ಹತ್ತಿರ ಬಂದಿತ್ತು. ವರ್ಷದ ಸರ್ವಿಸ್ ಒಪ್ಪಂದ ಮಾಡಿಕೊಂಡವರಿಗೆ ಫೋನ್ ಮಾಡಿದೆ. ಬಂದವನು ಮೋಟರಿನ ಮುಚ್ಚಳ ತೆಗೆದ, ಅರ್ಧ ಗಂಟೆ ಕೂಡ ಕೂರಲಿಲ್ಲ. "ಬೋರ್ಡಿಗೆ ಸ್ವಲ್ಪ ಪೆಟ್ಟು ಬಿದ್ದಿದೆ ಸರ್, ಸೆಟ್ಟಿಂಗ್ ಮಾಡಿದೀನಿ" ಅಂದ. ಹಳಿಗೆ ದಪ್ಪನೆ ಗ್ರೀಸ್ ಬಳಿದ. 6,500 ರೂಪಾಯಿ ತೆಗೆದುಕೊಂಡ. ಬಿಲ್ ಕೇಳಿದ್ದಕ್ಕೆ "ಆಮೇಲೆ ವಾಟ್ಸಾಪ್ ಮಾಡ್ತೀನಿ" ಅಂದ. ಅದು ಬರಲೇ ಇಲ್ಲ. ಗೇಟ್ ಮಾತ್ರ ಒಂದೇ ಏಟಿಗೆ ಬಂದು ಧಡ್ ಅಂತ ಮುಚ್ಚುತ್ತಿತ್ತು. ನಾವೆಲ್ಲ ಖುಷಿಪಟ್ಟೆವು.

ಜುಲೈಯ ಒಂದು ರವಿವಾರ. ಬೆಳಗ್ಗೆಯಿಂದ ಮಳೆ ಹೊಡೆಯುತ್ತಿತ್ತು. ಸ್ವಲ್ಪ ಬಿಟ್ಟಾಗ ಆಯಿ ಪಕ್ಕದ ಮನೆಗೆ ಹಲಸಿನ ಹಪ್ಪಳ ಕೊಟ್ಟು ವಾಪಸ್ ಬಂದಳು. ಗೇಟ್ ಆಗಷ್ಟೇ ತೆರೆದಿತ್ತು. ಒಳಗೆ ಕಾಲಿಡುವಾಗ ಮತ್ತೆ ಗಾಳಿ ಎದ್ದು ಕೊಡೆ ಮಗುಚಿತು. ಅದನ್ನು ಸರಿ ಮಾಡಿಕೊಳ್ಳಲು ಕಂಬದ ಪಕ್ಕ, ಹಳಿಯ ಮೇಲೆಯೇ ನಿಂತಳು. ಗೇಟ್ ತೆರೆದ ಮೂವತ್ತು ಸೆಕೆಂಡಿಗೆ ತಾನಾಗಿ ಮುಚ್ಚುವ ಹಾಗೆ ಟೈಮರ್ ಇತ್ತು. ಗೇಟ್ ಬಂತು. ಮಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ಕೂಗು ಕೇಳಿ ಓಡಿದೆ. ಗೇಟ್ ಅವಳನ್ನು ಕಂಬಕ್ಕೆ ಒತ್ತಿ ಹಿಡಿದಿತ್ತು. ಮೋಟರ್ ಇನ್ನೂ ತಳ್ಳುತ್ತಲೇ ಇತ್ತು. ಗಾಬರಿಯಲ್ಲಿ ನಾನು ಮೊದಲು ಮಾಡಿದ್ದು ಮೋಟರಿನ ಸ್ವಿಚ್ ಆಫ್. ತಳ್ಳುವುದು ನಿಂತಿತು, ಆದರೆ ಗೇಟ್ ಬಿಡಲಿಲ್ಲ. ಇದನ್ನು ಎಲ್ಲರೂ ತಿಳಿದಿರಲೇಬೇಕು. ಇಂಥ ಮೋಟರುಗಳಲ್ಲಿ ತಿರುಪಿನ ಹಾಗಿರುವ ಗಿಯರ್ ಇರುತ್ತದೆ. ಮೋಟರ್ ಗೇಟನ್ನು ತಳ್ಳಬಹುದು, ಗೇಟ್ ಮೋಟರನ್ನು ತಿರುಗಿಸಲಾರದು. ಕರೆಂಟ್ ತೆಗೆದರೆ ಗೇಟ್ ಇದ್ದಲ್ಲೇ ಬೀಗ ಹಾಕಿದ ಹಾಗೆ ನಿಲ್ಲುತ್ತದೆ. ಕೈಯಿಂದ ಸರಿಸಬೇಕಾದರೆ ಮೋಟರಿಗೆ ಬರುವ ಕೀಲಿ ಹಾಕಿ ಕ್ಲಚ್ ಬಿಡಿಸಬೇಕು. ಕೀಲಿ ಅಪ್ಪನ ಟೇಬಲ್ಲಿನ ಖಾನೆಯಲ್ಲಿ ಸಿಕ್ಕಿತು. ಆದರೆ ಕೀಲಿ ತೂರುವ ಜಾಗ ಉಪ್ಪು ತಿಂದು ಹಿಡಿದುಬಿಟ್ಟಿತ್ತು, ತಿರುಗಲಿಲ್ಲ. ಕೊನೆಗೆ ಮತ್ತೆ ಸ್ವಿಚ್ ಹಾಕಿ ರಿಮೋಟ್ ಒತ್ತಿದೆ. ಪುಣ್ಯಕ್ಕೆ ತೆರೆಯುವ ಕಡೆಗೇ ಹೋಯಿತು. ಇದೆಲ್ಲ ಆಗಲು ಹಿಡಿದದ್ದು ಎರಡೋ ಮೂರೋ ನಿಮಿಷ. ಆಯಿ ಅಷ್ಟೂ ಹೊತ್ತು "ನಿಧಾನ, ನಿಧಾನ" ಅಂತ ನನಗೇ ಸಮಾಧಾನ ಹೇಳುತ್ತಿದ್ದಳು. ಆರು ವಾರ ಪ್ಲಾಸ್ಟರ್ ಇತ್ತು. ಈಗಲೂ ಆ ಕೈಯಲ್ಲಿ ಕಾಯಿ ತುರಿಯಲು ಆಗುವುದಿಲ್ಲ.

ಮರುದಿನ ಬೇರೊಬ್ಬರನ್ನು ಕರೆಸಿದೆ. ವಯಸ್ಸಾದವರು, ಮೊದಲು ಬೈತಖೋಲ ಬಂದರಿನಲ್ಲಿ ದೋಣಿಗಳ ಎಂಜಿನ್ ಕೆಲಸ ಮಾಡುತ್ತಿದ್ದವರು. ಉಪ್ಪುನೀರು ಏನು ಮಾಡುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಮುಚ್ಚಳ ತೆಗೆದು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಬೋರ್ಡಿನ ಮೇಲೆ ಎರಡು ತಿರುಪುಗಳ ನಡುವೆ ಬೆರಳಿನುದ್ದದ ಒಂದು ವೈರ್ ತುಂಡು ತೋರಿಸಿದರು. "ಇದೇ ನೋಡಿ ನಿಮ್ಮ ಬೋರ್ಡ್ ರಿಪೇರಿ" ಅಂದರು.

ಗೇಟಿನ ಎರಡೂ ಕಂಬಗಳಲ್ಲಿ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಸಣ್ಣ ಕಪ್ಪು ಡಬ್ಬಿ ಇರುತ್ತವಲ್ಲ, ಅವು ಫೋಟೋಸೆಲ್. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹೋಗುತ್ತದೆ. ಮುಚ್ಚುವಾಗ ಯಾರಾದರೂ ಅಡ್ಡ ಬಂದರೆ ಕಿರಣ ಕಡಿಯುತ್ತದೆ, ಗೇಟ್ ನಿಂತು ವಾಪಸ್ ತೆರೆಯುತ್ತದೆ. ಇವನ್ನು ಮಾಡಿರುವುದೇ ಹೇಗೆ ಅಂದರೆ, ಕಿರಣ ಸರಿಯಾಗಿ ತಲುಪಿದಾಗ ಮಾತ್ರ ಬೋರ್ಡಿಗೆ "ದಾರಿ ಖಾಲಿ ಇದೆ" ಅಂತ ಸಿಗುತ್ತದೆ. ಡಬ್ಬಿಯೊಳಗೆ ನೀರು ಹೋದರೂ, ಗಾಜಿನ ಮೇಲೆ ಉಪ್ಪು ಕೂತರೂ, ವೈರ್ ತುಂಡಾದರೂ ಬೋರ್ಡ್ ಅದನ್ನು "ಯಾರೋ ಅಡ್ಡ ನಿಂತಿದ್ದಾರೆ" ಅಂತಲೇ ತಿಳಿಯುತ್ತದೆ. ಅದಕ್ಕೇ ಮುಚ್ಚುವುದಿಲ್ಲ. ನಮ್ಮ ಗೇಟ್ ಮೇ ತಿಂಗಳಲ್ಲಿ ಮುಚ್ಚದೆ ನಿಂತಿದ್ದು ಇದೇ ಕಾರಣಕ್ಕೆ. ಒಂದು ಡಬ್ಬಿಯೊಳಗೆ ಇರುವೆ ಗೂಡು ಮಾಡಿತ್ತು, ಕನೆಕ್ಷನ್ ಎಲ್ಲ ಹಸಿರು ಕಿಲುಬು. ಹೊಸ ಜೋಡಿ ಹಾಕುವ ಬದಲು ಅವನು ಎರಡು ತಿರುಪಿಗೆ ವೈರ್ ಕಟ್ಟಿ ಹೋಗಿದ್ದ. ದಾರಿ ಯಾವಾಗಲೂ ಖಾಲಿ ಅಂತ ಬೋರ್ಡಿಗೆ ಸುಳ್ಳು ಹೇಳಿಸಿದ ಹಾಗೆ. ಡಬ್ಬಿಗಳು ಕಂಬದಲ್ಲಿ ಹಾಗೇ ಇದ್ದವು. ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೂ ಆಯಿಯ ಕೈ ಉಳಿಯುತ್ತಿತ್ತೋ ಏನೋ. ಯಾಕೆಂದರೆ ಇನ್ನೊಂದು ಕಾವಲು ಇರುತ್ತದೆ. ಗೇಟ್ ಯಾವುದಕ್ಕಾದರೂ ತಾಗಿ ಮೋಟರಿಗೆ ಭಾರ ಜಾಸ್ತಿಯಾದರೆ ಬೋರ್ಡ್ ಅದನ್ನು ತಿಳಿದು ನಿಲ್ಲಿಸಬೇಕು. ಎಷ್ಟು ಭಾರಕ್ಕೆ ನಿಲ್ಲಬೇಕು ಅನ್ನುವುದನ್ನು ಬೋರ್ಡಿನ ಮೇಲಿನ ಒಂದು ಪುಟ್ಟ ತಿರುಗಣಿಯಲ್ಲಿ ಇಡುತ್ತಾರೆ. ನಮ್ಮದು ಕೊನೆಯವರೆಗೆ ತಿರುಗಿಸಿಟ್ಟಿತ್ತು. ಅದಕ್ಕೂ ಕಾರಣ ಇತ್ತು. ಗಾಲಿಯ ಬೇರಿಂಗ್ ತುಕ್ಕು ಹಿಡಿದು ಗೇಟ್ ಭಾರವಾಗಿತ್ತು. ಗಾಲಿ ಸವೆದು ಗೇಟ್ ಸ್ವಲ್ಪ ಕೆಳಗೆ ಇಳಿದಿತ್ತು. ಹಲ್ಲಿನ ಪಟ್ಟಿಗೂ ಮೋಟರಿನ ಚಕ್ರಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಇರಬೇಕು, ಭಾರವೆಲ್ಲ ಗಾಲಿಯ ಮೇಲೇ ಇರಬೇಕು. ನಮ್ಮಲ್ಲಿ ಗೇಟಿನ ಭಾರ ಮೋಟರಿನ ಚಕ್ರದ ಮೇಲೆಯೇ ಕೂತಿತ್ತು. ಅರ್ಧಕ್ಕೆ ನಿಂತು ವಾಪಸ್ ಹೋಗುತ್ತಿದ್ದುದು ಅದಕ್ಕೆ. ಗಾಲಿ ಬದಲಿಸಬೇಕಾದ ಕಡೆ ಅವನು ಬಲ ಏರಿಸಿದ. ಬಲ ಏರಿಸಲು ಒಂದು ಸ್ಕ್ರೂಡ್ರೈವರ್ ಸಾಕು.

ಯುರೋಪಿನಲ್ಲಿ ಇದಕ್ಕೆ ಇಎನ್ 12453 ಅಂತ ಒಂದು ಮಾನದಂಡ ಇದೆ. ಮುಚ್ಚುವ ಕೊನೆಯ ಅರ್ಧ ಮೀಟರಿನಲ್ಲಿ, ಅಂದರೆ ಆಯಿ ಸಿಕ್ಕಿಕೊಂಡಂಥ ಜಾಗದಲ್ಲಿ, ಗೇಟ್ ಮನುಷ್ಯನಿಗೆ ತಾಗಿದರೆ ಹೊಡೆತದ ಬಲ 400 ನ್ಯೂಟನ್ ದಾಟಬಾರದು. ನಲವತ್ತು ಕಿಲೋ ಭಾರ ಒತ್ತಿದಷ್ಟು ಅಂದುಕೊಳ್ಳಿ. ಅದೂ ಮುಕ್ಕಾಲು ಸೆಕೆಂಡಿನೊಳಗೆ ಇಳಿದುಬಿಡಬೇಕು. ನಮ್ಮ ಗೇಟ್ ಆಯಿಯನ್ನು ನಾನು ಸ್ವಿಚ್ ತೆಗೆಯುವವರೆಗೂ ಒತ್ತುತ್ತಿತ್ತು.

ಮೊದಲು ಬಂದವನಿಗೆ ಫೋನ್ ಮಾಡಿ ಕೇಳಿದೆ. ಅವನು ಹೇಳಿದ ಮಾತು ಇನ್ನೂ ಕೊರೆಯುತ್ತದೆ. "ನೀವೇ ಅಲ್ವಾ ಸರ್, ಹೇಗಾದ್ರೂ ಮಾಡಿ ಮುಚ್ಚೋ ಹಾಗೆ ಮಾಡು ಅಂದಿದ್ದು?" ಹೌದು, ಅಂದಿದ್ದೆ. ಹಾಗಂತ ಅವನ ತಪ್ಪು ಕಡಿಮೆಯಾಗುವುದಿಲ್ಲ. ವೈರ್ ಕಟ್ಟಿದ್ದೇನೆ, ಸೆನ್ಸರ್ ಈಗ ಕೆಲಸ ಮಾಡುವುದಿಲ್ಲ ಅಂತ ಒಂದು ಮಾತು ಹೇಳಿದ್ದರೆ ನಾವು ಟೈಮರ್ ಆದರೂ ತೆಗೆಸುತ್ತಿದ್ದೆವು. ಗೇಟನ್ನು ತೆರೆದೇ ಇಟ್ಟುಕೊಳ್ಳುತ್ತಿದ್ದೆವು.

ಆ ಸರ್ವಿಸ್ಸಿನವರ ಹೆಸರು ಇಲ್ಲಿ ಹಾಕುವುದಿಲ್ಲ. ವಿಚಾರಿಸಿದಾಗ ಇದು ಒಬ್ಬರ ಕೆಲಸವಲ್ಲ ಅಂತ ಗೊತ್ತಾಯಿತು. ನಮ್ಮ ಓಣಿಯಲ್ಲೇ ಇನ್ನೆರಡು ಗೇಟುಗಳ ಬೋರ್ಡಿನಲ್ಲಿ ಅದೇ ವೈರ್ ತುಂಡು ಸಿಕ್ಕಿತು, ಕಟ್ಟಿದವರು ಬೇರೆ ಬೇರೆ. ಗ್ರಾಹಕರ ಆಯೋಗ ನಮ್ಮ ಕಾರವಾರದಲ್ಲೇ ಇದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ಕೇಳಬಹುದು. ನನ್ನ ಹತ್ತಿರ ಬಿಲ್ ಇಲ್ಲ. ಹಣ ಕೊಟ್ಟ ಯುಪಿಐ ದಾಖಲೆ, ವೈರಿನ ಫೋಟೋ, ಆಸ್ಪತ್ರೆಯ ಕಾಗದ ಸೇರಿಸಿ ದೂರು ಬರೆಯುತ್ತಿದ್ದೇನೆ. ನೀವು ಬಿಲ್ ತೆಗೆದುಕೊಳ್ಳದೆ ಹಣ ಕೊಡಬೇಡಿ. ಏನು ಬದಲಿಸಿದರು, ಏನು ಮುಟ್ಟಿದರು ಅಂತ ಅದರಲ್ಲಿ ಬರೆಸಿ.

ಗ್ರೀಸಿನ ವಿಷಯವನ್ನೂ ಹೇಳಬೇಕು. ಹಳಿಗೆ ಗ್ರೀಸ್ ಹಚ್ಚಲೇಬೇಡಿ. ನಮ್ಮ ಕಡೆಯ ಮರಳು ಅದಕ್ಕೆ ಅಂಟಿ ಗಾಲಿಯನ್ನು ಅರದ ಹಾಗೆ ತಿನ್ನುತ್ತದೆ. ಹಳಿಯನ್ನು ಗುಡಿಸಿ, ಬಾವಿ ನೀರು ಹಾಕಿ ತೊಳೆದರೆ ಸಾಕು. ವರ್ಷಕ್ಕೆ 3,000 ಮಿಲಿಮೀಟರಿನಷ್ಟು ಮಳೆ ಬೀಳುವ ಊರು ನಮ್ಮದು, ಹಳಿಯಲ್ಲಿ ನೀರು ನಿಲ್ಲದ ಹಾಗೆ ದಾರಿ ಇರಬೇಕು. ವೈರ್ ಒಳಗೆ ಹೋಗುವ ತೂತುಗಳನ್ನು ಮುಚ್ಚಿಸಿ, ಇಲ್ಲದಿದ್ದರೆ ಇರುವೆ, ಹಲ್ಲಿ ಎಲ್ಲ ಬೋರ್ಡಿನ ಬಿಸಿಗೆ ಬಂದು ಸೇರುತ್ತವೆ. ನಟ್ಟು ಬೋಲ್ಟು ಹೊಸದಾಗಿ ಹಾಕಿಸುವಾಗ 316 ದರ್ಜೆಯ ಸ್ಟೀಲ್ ಕೇಳಿ. ಸಾಮಾನ್ಯವಾಗಿ ಸಿಗುವ 304 ದರ್ಜೆಗೆ ಸಮುದ್ರದ ಹತ್ತಿರ ಕಂದು ಕಲೆ ಬರುತ್ತದೆ.

ಹಳಿಯ ಎರಡೂ ತುದಿಯ ತಡೆಗಳನ್ನು ಬಗ್ಗಿ ನೋಡಿ. ನಮ್ಮಲ್ಲಿ ತೆರೆಯುವ ಕಡೆಯ ತಡೆಯ ಬೋಲ್ಟ್ ತುಕ್ಕು ಹಿಡಿದು ಅಲುಗಾಡುತ್ತಿತ್ತು. ಗೇಟನ್ನು ತುದಿಯಲ್ಲಿ ನಿಲ್ಲಿಸುವ ಲಿಮಿಟ್ ಸ್ವಿಚ್ ಒಂದು ದಿನ ಕೈಕೊಟ್ಟು, ಆ ತಡೆಯೂ ಇಲ್ಲದಿದ್ದರೆ ಗೇಟ್ ಮೇಲಿನ ರೋಲರಿನಿಂದ ಹೊರಗೆ ಜಾರಿ ಉರುಳುತ್ತದೆ. ಅಷ್ಟು ಭಾರದ ಕಬ್ಬಿಣ ಮಕ್ಕಳ ಮೇಲೆ ಬಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಗೇಟಿಗೆ ಜೋತು ಬಿದ್ದು ಆಡುವ ಮಕ್ಕಳನ್ನು ದಯವಿಟ್ಟು ಇಳಿಸಿ.

ಈಗ ನಮ್ಮಲ್ಲಿ ಗಾಲಿ, ಬೇರಿಂಗ್, ಫೋಟೋಸೆಲ್ ಎಲ್ಲ ಹೊಸದು. ಬಲವನ್ನು ಇಳಿಸಿದ್ದಾರೆ. ತಾನಾಗಿ ಮುಚ್ಚುವ ಟೈಮರ್ ತೆಗೆಸಿದ್ದೇನೆ, ಮುಚ್ಚಬೇಕಾದವರು ಗೇಟನ್ನು ನೋಡುತ್ತಾ ಬಟನ್ ಒತ್ತುತ್ತಾರೆ. ಕೀಲಿ ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿದೆ. ಅದನ್ನು ಹಾಕಿ ಗೇಟ್ ಬಿಡಿಸುವುದನ್ನು ಅಪ್ಪ, ಆಯಿ, ಕೆಲಸಕ್ಕೆ ಬರುವ ಅಕ್ಕ ಎಲ್ಲರೂ ಮಾಡಿ ನೋಡಿದ್ದಾರೆ. ತಿಂಗಳಿಗೊಮ್ಮೆ ಕೀಲಿ ತಿರುಗಿಸುತ್ತೇವೆ, ಮತ್ತೆ ಹಿಡಿಯಬಾರದು ಅಂತ.

ನಿಮ್ಮ ಗೇಟೂ ಹೀಗೇ ಅರ್ಧ ಗಂಟೆಯಲ್ಲಿ "ಸರಿ" ಆಗಿದ್ದರೆ ಇವತ್ತು ಸಂಜೆಯೇ ಒಂದು ಕೆಲಸ ಮಾಡಿ. ಗೇಟ್ ಮುಚ್ಚುತ್ತಿರುವಾಗ ದೂರ ನಿಂತು, ಉದ್ದನೆಯ ಕೊಡೆಯನ್ನು ಆ ಕಪ್ಪು ಡಬ್ಬಿಯ ಮುಂದೆ ಅಡ್ಡ ಹಿಡಿಯಿರಿ. ಗೇಟ್ ನಿಂತು ವಾಪಸ್ ಹೋಗಬೇಕು. ಆಮೇಲೆ ಕಂಬದ ಹತ್ತಿರ, ಡಬ್ಬಿಯ ಕಿರಣಕ್ಕೆ ಸಿಗದ ಹಾಗೆ, ಹಳೆ ದಿಂಬು ತುಂಬಿದ ರಟ್ಟಿನ ಪೆಟ್ಟಿಗೆ ಇಟ್ಟು ಮುಚ್ಚಿ. ಕೈ ಕಾಲು ಇಡಬೇಡಿ. ಪೆಟ್ಟಿಗೆ ಅಪ್ಪಚ್ಚಿಯಾಗುವ ಮೊದಲು ಗೇಟ್ ನಿಲ್ಲಬೇಕು. ಎರಡರಲ್ಲಿ ಯಾವುದಾದರೂ ಒಂದಕ್ಕೆ ನಿಲ್ಲದಿದ್ದರೂ ಮೋಟರ್ ಆಫ್ ಮಾಡಿ, ಕೀಲಿ ತಿರುಗಿಸಿ ಬಿಡಿಸಿ, ರಿಪೇರಿ ಆಗುವವರೆಗೆ ಗೇಟನ್ನು ಕೈಯಲ್ಲೇ ತಳ್ಳಿಕೊಳ್ಳಿ. ಮತ್ತೆ ಬರುವ ಮೆಕ್ಯಾನಿಕ್ ಹತ್ತಿರ ಮುಚ್ಚಿ ತೋರಿಸು ಅನ್ನಬೇಡಿ, ನಿಲ್ಲಿಸಿ ತೋರಿಸು ಅನ್ನಿ.