ತೊಂಬತ್ತು ದಾಟಿದವರ ಕ್ಯಾಲೆಂಡರ್: ಚಿತ್ರ ಚೆಂದ, ಲೆಕ್ಕ ಗಲಿಬಿಲಿ

ಉಡುಪಿ ರಥಬೀದಿಯಲ್ಲಿ 180 ರೂಪಾಯಿಗೆ ಸಿಗುವ ಈ ಮೇಜಿನ ಕ್ಯಾಲೆಂಡರ್‌ನಲ್ಲಿ ತಿಂಗಳಿಗೊಬ್ಬರಂತೆ ಹನ್ನೆರಡು ದೀರ್ಘಾಯುಷಿಗಳು. 90 ತುಂಬಿರಬೇಕು ಎನ್ನುವುದೊಂದೇ ನಿಯಮ. ರೇಖಾಚಿತ್ರಗಳಿಗೆ ಪೂರ್ಣ ಅಂಕ. ಅಕ್ಟೋಬರ್ ಹಾಳೆಯಲ್ಲಿ ಶಿವರಾಮ ಕಾರಂತರ ಬಿಳಿಗೂದಲು ನಾಲ್ಕೇ ಗೆರೆಯಲ್ಲಿ ಬಂದಿದೆ. ತಕರಾರಿರುವುದು ಅಡಿಬರಹದಲ್ಲಿ.

ವಯಸ್ಸು ಬರೆಯುವಾಗ ತುಂಬಿದ ವರ್ಷವೋ ನಡೆಯುವ ವರ್ಷವೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇಲ್ಲಿ ಎರಡೂ ಕಲಸಿಹೋಗಿವೆ. ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10, ತೀರಿಕೊಂಡದ್ದು 1997ರ ಡಿಸೆಂಬರ್ 9. 95 ತುಂಬಿತ್ತು, ಹಾಳೆಯಲ್ಲೂ ಹಾಗೇ ಇದೆ. ಜೂನ್‌ನ ಕವಿ ಕಯ್ಯಾರ ಕಿಞ್ಞಣ್ಣ ರೈಗಳದ್ದೂ ಸರಿ: ನೂರು ತುಂಬಿ ಎರಡು ತಿಂಗಳು. ಆದರೆ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರಿಗೆ 108 ಎಂದು ಹಾಕಿದ್ದಾರೆ. 2021ರಿಂದ 1913 ಕಳೆದರೆ 108 ಹೌದು, ಆದರೆ ಅವರ ಹುಟ್ಟಿದ ದಿನ ಆಗಸ್ಟ್ 23, ನಿಧನ ಏಪ್ರಿಲ್ 19. ತುಂಬಿದ್ದು 107. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರಿಗೂ ಇದೇ ಗತಿ: 111 ತುಂಬಿತ್ತು, ಅಚ್ಚಾಗಿರುವುದು 112. ವಿಶ್ವೇಶ್ವರಯ್ಯನವರ ಜನ್ಮವರ್ಷವನ್ನು 1860 ಎನ್ನುವವರೂ ಇದ್ದಾರೆ, 1861 ಎನ್ನುವವರೂ ಇದ್ದಾರೆ. ಅಲ್ಲೊಂದು ಚುಕ್ಕಿ ಗುರುತಾದರೂ ಬೇಕಿತ್ತು.

ಮಾರ್ಚ್ ಹಾಳೆ ಸೋದೆ ಮಠದ ಯತಿ ವಾದಿರಾಜರದು. ಆರಾಧನೆಯನ್ನು, ಎಂದರೆ ಪುಣ್ಯತಿಥಿಯನ್ನು, ಫಾಲ್ಗುಣ ಬಹುಳ ತದಿಗೆ ಎಂದು ತಿಥಿಯಲ್ಲೇ ಕೊಟ್ಟದ್ದು ಜಾಣತನ. 1480ರಿಂದ 1600, ಒಟ್ಟು 120 ವರ್ಷ ಎನ್ನುವುದು ಮಠದ ಸಂಪ್ರದಾಯ ಹೇಳುವ ಲೆಕ್ಕ. ಅದನ್ನು ಸಂಪ್ರದಾಯವೆಂದೇ ಕರೆಯಬೇಕಿತ್ತು.

ಹಿಂಬದಿಯ ರಟ್ಟಿನಲ್ಲಿ, ಇಂತಿಷ್ಟು ವಯಸ್ಸು ತುಂಬಿದಾಗ ಮಾಡಿಸುವ ಶಾಂತಿಗಳ ಪಟ್ಟಿ ಇದೆ. ಮನೆಯಲ್ಲಿ ಹಿರಿಯರಿದ್ದವರು ಇದಕ್ಕಾಗಿಯೇ ಕೊಳ್ಳುವುದು, ಎಡವಟ್ಟಾಗಿರುವುದೂ ಇಲ್ಲೇ. ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಸಹಸ್ರ ಚಂದ್ರ ದರ್ಶನಕ್ಕೆ 83 ವರ್ಷ 4 ತಿಂಗಳು ಎಂದಿದೆ. ಸಾವಿರವನ್ನು ಹನ್ನೆರಡರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಆದರೆ ಹುಣ್ಣಿಮೆ ಬರುವುದು ಸುಮಾರು 29.53 ದಿನಕ್ಕೊಮ್ಮೆ, 19 ವರ್ಷಕ್ಕೆ 7 ಅಧಿಕ ಮಾಸ. ಅವನ್ನೂ ಸೇರಿಸಿದರೆ ಸಾವಿರ ಹುಣ್ಣಿಮೆಗೆ 29,530 ದಿನ, ಎಂದರೆ 80 ವರ್ಷ 10 ತಿಂಗಳು. ಪಟ್ಟಿ ನಂಬಿ ಕೂತರೆ ಎರಡೂವರೆ ವರ್ಷ ತಡ. ಆ ವಯಸ್ಸಿನಲ್ಲಿ ಅದೇನು ಸಣ್ಣ ಸಮಯವೇ? ಕೆಲವು ಮನೆತನಗಳಲ್ಲಿ ಬೇರೆ ಪದ್ಧತಿಯೂ ಇರುತ್ತದೆ, ದಿನ ಗೊತ್ತುಮಾಡುವ ಮುಂಚೆ ಪುರೋಹಿತರನ್ನು ಕೇಳಿ.

ಪೇಜಾವರ ವಿಶ್ವೇಶತೀರ್ಥರು ಯಾಕಿಲ್ಲ ಎಂದು ಉಡುಪಿಯವರು ಕೇಳಿಯೇ ಕೇಳುತ್ತಾರೆ. ಐದು ಪರ್ಯಾಯ (ಕೃಷ್ಣಮಠದ ಎರಡು ವರ್ಷದ ಪೂಜೆಯ ಸರದಿ) ಪೂರೈಸಿದ ಶ್ರೀಗಳಿಗೆ ತುಂಬಿದ್ದು 88, ನಿಯಮದಂತೆ ಹೊರಗೆ. ಆದರೆ 1902ರಲ್ಲಿ ಹುಟ್ಟಿ 1996ರವರೆಗಿದ್ದ ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರನ್ನು ಬಿಟ್ಟದ್ದಕ್ಕೆ ನೆಪವಿಲ್ಲ.

ಇನ್ನು ಕಟ್ಟು. ಸುರುಳಿ ತಂತಿಗೆ ಪ್ಲಾಸ್ಟಿಕ್ ಲೇಪವಿಲ್ಲ. ಕಡಲ ಗಾಳಿಗೆ ಆಟಿ (ತುಳುವರ ಮಳೆಗಾಲದ ತಿಂಗಳು) ಮುಗಿಯುವುದರೊಳಗೆ ತುಕ್ಕು ಹಿಡಿದು ಹಾಳೆಯ ತೂತುಗಳ ಸುತ್ತ ಕಂದು ಕಲೆ ಬೀಳುತ್ತದೆ. ಹೊಳಪು ಕಾಗದವಾದ್ದರಿಂದ ಮಳೆಗಾಲದಲ್ಲಿ ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಎಳೆದರೆ ಮಸಿ ಕಿತ್ತುಬರುತ್ತದೆ. ಕಿಟಕಿಯಿಂದ ದೂರವಿಡಿ. ಕೊಳ್ಳುವಾಗ ಆಗಸ್ಟ್ ಹಾಳೆಯನ್ನೊಮ್ಮೆ ಮಗುಚಿ ನೋಡಿ, ಕೆಲವು ಪ್ರತಿಗಳಲ್ಲಿ ಅದು ತಲೆಕೆಳಗಾಗಿ ಕಟ್ಟಿಕೊಂಡಿದೆ.